ಸುರಂಗದ ಕೆಲಸಕ್ಕೆ ಹೊರಟವರಿಗೆ: ಕಲ್ಲಿನ ಧೂಳಿನಿಂದ ಶ್ವಾಸಕೋಶ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನಮ್ಮ ಕಾಕಾನ ಮನೆಯಿಂದ ಹನುಮಪ್ಪನ ಗುಡಿಗೆ ಮುನ್ನೂರು ಹೆಜ್ಜೆ ಇದ್ದೀತು. ಕೊನೆಯ ಎರಡು ವರ್ಷ ಆ ದಾರಿಯಲ್ಲಿ ಅವರು ಮೂರು ಕಡೆ ಕೂತು ಹೋಗುತ್ತಿದ್ದರು. ಗಿರಣಿಯ ಕಟ್ಟೆ, ಬೇವಿನ ಗಿಡದ ಬುಡ, ಆಮೇಲೆ ಗುಡಿಯ ಮೆಟ್ಟಿಲು. ಇಪ್ಪತ್ತೆಂಟನೇ ವಯಸ್ಸಿಗೆ ಇಳಕಲ್ಲಿನ ಕ್ವಾರಿ ಬಿಟ್ಟು ಸುರಂಗದ ಡ್ರಿಲ್ಲಿಂಗ್ ಕೆಲಸಕ್ಕೆ ಹೋದವರು ಅವರು. ಹನ್ನೊಂದು ವರ್ಷ, ಮೂರು ರಾಜ್ಯ, ನಾಲ್ಕು ಗುತ್ತಿಗೆದಾರರು. ಕಾಯಿಲೆಗೆ ಸಿಲಿಕೋಸಿಸ್ ಅಂತ ಹೆಸರು ಸಿಗುವಷ್ಟರಲ್ಲಿ ಎರಡು ಸಲ ಟಿಬಿ ಕೋರ್ಸ್ ನುಂಗಿ ಮುಗಿಸಿದ್ದರು. ಎಲ್ಲಿ, ಯಾರ ಕೈಕೆಳಗೆ, ಎಷ್ಟು ದಿನ ದುಡಿದರು ಅನ್ನೋದಕ್ಕೆ ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಈಗಲೂ ಹುಡುಗರು ಸುರಂಗದ ಕೆಲಸಕ್ಕೆ ಹೋಗುತ್ತಾರೆ. ಬೆಂಗಳೂರಿನ ಮೆಟ್ರೋಗೆ, ಮಹಾರಾಷ್ಟ್ರಕ್ಕೆ, ಗೋವಾಕ್ಕೆ. ಲೋಂಡಾ ದಾಟಿದರೆ ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಘಟ್ಟದ ರೈಲು ದಾರಿಯಲ್ಲೂ ಸುರಂಗಗಳ ಸಾಲೇ ಇದೆ. ಕೂಲಿ ಚೆನ್ನಾಗಿ ಸಿಗುತ್ತದೆ, ಹಾಗಾಗಿ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಈ ಕಾಯಿಲೆ ಬಂದ ಮೇಲೆ ವಾಸಿಯಾಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಎರಡೇ: ಕಲ್ಲು ಕೊರೆಯುವ ಜಾಗದಲ್ಲಿ ನೀರು, ನಮ್ಮ ಚೀಲದಲ್ಲಿ ಕಾಗದ. ಕೆಳಗೆ ಬರೆದಿರುವುದೆಲ್ಲ ಈ ಎರಡರ ಸುತ್ತಲೇ.

ಧೂಳು ಒಳಗೆ ಹೋಗಿ ಏನು ಮಾಡುತ್ತದೆ

ಕಲ್ಲಿನಲ್ಲಿ ಕ್ವಾರ್ಟ್ಜ್ ಅನ್ನೋ ಹರಳು ಇರುತ್ತದೆ. ಸಿಲಿಕಾ ಅಂದರೆ ಅದೇ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕಫದ ಜೊತೆ ಹೊರಗೆ ಬರುತ್ತದೆ. ಅಪಾಯ ಇರುವುದು ಕಾಣದ ಧೂಳಿನಲ್ಲಿ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಶ್ವಾಸಕೋಶದ ತಳಕ್ಕೆ ಇಳಿಯುವ ಕಣ 4-5 ಮೈಕ್ರಾನ್‌ಗಿಂತ ಸಣ್ಣದು. ಅಲ್ಲಿ ಮೈಯ ಕಾವಲು ಜೀವಕೋಶಗಳು ಅದನ್ನು ನುಂಗುತ್ತವೆ. ಆದರೆ ಕಲ್ಲನ್ನು ಅರಗಿಸಲಾಗದೆ ಸಾಯುತ್ತವೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಆದ ಕಡೆಯೆಲ್ಲ ಗಾಯ ಒಣಗಿ ಗಟ್ಟಿ ಗಂಟು ಆಗುತ್ತದೆ. ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೆಯುವುದು ಇದಕ್ಕೇ. ಆಗಷ್ಟೇ ಒಡೆದ ಕಲ್ಲಿನ ಧೂಳು ಹಳೆಯ ಧೂಳಿಗಿಂತ ಜಾಸ್ತಿ ಕೆಟ್ಟದ್ದು. ಸುರಂಗದಲ್ಲಿ ಉಸಿರಾಡುವುದು ಅದನ್ನೇ ಅಲ್ವಾ?

ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಮೇಲೆ ಧೂಳು ಕುಡಿದವರಲ್ಲಿ ಇದು ಕಾಣಿಸುತ್ತದೆ. ಧೂಳು ಜಾಸ್ತಿ ಇದ್ದರೆ ಐದರಿಂದ ಹತ್ತು ವರ್ಷದಲ್ಲಿ. ಗಾಳಿಯೇ ಇಲ್ಲದ ಕಡೆ ಒಣ ಡ್ರಿಲ್ ಹೊಡೆದವರಿಗೆ ಕೆಲವೇ ತಿಂಗಳಲ್ಲಿ ಬಂದದ್ದೂ ಇದೆ. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೂ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಪಟ್ಟಿ ಮಾಡಿದೆ.

ಹಂತ 1: ಎಂಥ ಕಲ್ಲು ಅಂತ ಕೇಳಿ

ಎಲ್ಲ ಕಲ್ಲೂ ಒಂದೇ ಅಲ್ಲ. ವಿಜಯಪುರದ ಬಹುಪಾಲು ನೆಲ ಕರಿಕಲ್ಲು, ಅಂದರೆ ಬಸಾಲ್ಟ್. ಅದರಲ್ಲಿ ಕ್ವಾರ್ಟ್ಜ್ ಬಹಳ ಕಡಿಮೆ. ಇಳಕಲ್ಲಿನ ಕೆಂಪು ಗ್ರಾನೈಟ್‌ನಂಥ ಕಲ್ಲಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಕ್ವಾರ್ಟ್ಜೇ. ಬಾದಾಮಿಯ ಮರಳುಗಲ್ಲು, ಗೋಕಾಕ ಜಲಪಾತದ ಬಂಡೆ, ಇವುಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ. ಬೆಂಗಳೂರಿನ ನೆಲದಡಿ ಇರುವುದು ಗ್ರಾನೈಟಿನ ಜಾತಿಯ ನೈಸ್ ಕಲ್ಲು. ಕರಿಕಲ್ಲಿನ ಸುರಂಗ ಅಂತ ನಿಶ್ಚಿಂತೆಯಿಂದಲೂ ಇರಬೇಡಿ. ಗೋಡೆಗೆ ಚಿಮ್ಮಿ ಹೊಡೆಯುವ ಕಾಂಕ್ರೀಟ್, ಅಂದರೆ ಶಾಟ್‌ಕ್ರೀಟ್‌ನಲ್ಲಿ ಮರಳು ಇರುತ್ತದೆ, ಡೀಸೆಲ್ ಹೊಗೆ ಹೇಗೂ ಇದ್ದೇ ಇರುತ್ತದೆ.

ಸೈಟಿನ ಸೇಫ್ಟಿ ಆಫೀಸರ್ ಹತ್ತಿರ ಎರಡು ಪ್ರಶ್ನೆ ಕೇಳಿ: "ಈ ಕಲ್ಲಲ್ಲಿ ಸಿಲಿಕಾ ಎಷ್ಟು ಐತ್ರಿ? ಧೂಳಿನ ಅಳತೆ ಕೊನೆಗೆ ಯಾವಾಗ ತಗೊಂಡ್ರಿ?" ಅಂಕಿ ಕೊಟ್ಟರೆ ಅದನ್ನು ನೀವೇ ಲೆಕ್ಕ ಹಾಕಬಹುದು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ಸೂತ್ರ ಹೀಗಿತ್ತು: ಕ್ವಾರ್ಟ್ಜ್ ಶೇಕಡಾ ಎಷ್ಟೋ ಅದಕ್ಕೆ 2 ಕೂಡಿಸಿ, 10ನ್ನು ಅದರಿಂದ ಭಾಗಿಸಿ. ಬಂದದ್ದು, ಒಂದು ಘನ ಮೀಟರ್ ಗಾಳಿಯಲ್ಲಿ ಇರಬಹುದಾದ ಸಣ್ಣ ಧೂಳಿನ ಮಿಲಿಗ್ರಾಂ. ಕ್ವಾರ್ಟ್ಜ್ ಶೇ 30 ಇದ್ದರೆ ಮಿತಿ ಸುಮಾರು 0.31. ಶೇ 80 ಇದ್ದರೆ 0.12. ಆ 0.31ರಲ್ಲಿ ಸಿಲಿಕಾ ಪಾಲು ಸುಮಾರು 0.09 ಆಗುತ್ತದೆ. ಅಮೆರಿಕದವರು 2016ರಲ್ಲಿ ಸಿಲಿಕಾ ಮಿತಿಯನ್ನು 0.05ಕ್ಕೆ ಇಳಿಸಿದರು. ಅಂದರೆ "ಕಾಯ್ದೆ ಪ್ರಕಾರ ಎಲ್ಲ ಸರಿ ಐತಿ" ಅಂದಾಗಲೂ ನಾನಾದರೆ ಮಾಸ್ಕ್ ತೆಗೆಯುವುದಿಲ್ಲ.

ಸುರಂಗಕ್ಕೆ ಹೋಗದವರೂ ಇದನ್ನು ಓದಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಅಚ್ಚು ಒಡೆದು ಮರಳು ಉದುರಿಸುವವರು, ಎರಕದ ಅಂಚು ಉಜ್ಜಿ ಸರಿಮಾಡುವವರು (ಫೆಟ್ಲಿಂಗ್), ಇಳಕಲ್ಲಿನಲ್ಲಿ ಕಲ್ಲು ಕೊಯ್ಯುವವರು, ಕ್ರಷರ್ ಕೆಲಸದವರು ಎಲ್ಲರೂ ಕುಡಿಯುವುದು ಇದೇ ಧೂಳು.

ಹಂತ 2: ಮೊದಲ ಪಾಳಿಗೆ ಮುಂಚೆ ಒಂದು ಎಕ್ಸ್-ರೇ

ಊರು ಬಿಡುವ ಮೊದಲು ಎದೆಯ ಎಕ್ಸ್-ರೇ ತೆಗೆಸಿ. ಜೊತೆಗೆ ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ. ಬೆಳಗಾವಿಯ ಬಿಮ್ಸ್, ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾ ಆಸ್ಪತ್ರೆ, ಇಲ್ಲವೇ ಈ ಮೂರೂ ಊರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗದಲ್ಲಿ ವಿಚಾರಿಸಿ. ಫಿಲ್ಮ್ ಅಥವಾ ಸಿಡಿ ನಿಮ್ಮ ಹತ್ತಿರವೇ ಇರಲಿ. ಬರೀ ರಿಪೋರ್ಟ್ ಸಾಲದು.

ಇದಕ್ಕೆ ಯಾಕಿಷ್ಟು ಒತ್ತು ಕೊಡುತ್ತೇನೆ ಅಂದರೆ, ಈ ಒಂದು ಚಿತ್ರ ಎರಡು ಕೆಲಸ ಮಾಡುತ್ತದೆ. ಮುಂದಿನ ವರ್ಷದ ಎಕ್ಸ್-ರೇಯಲ್ಲಿ ಸಣ್ಣ ಬದಲಾವಣೆ ಕಂಡರೂ ಡಾಕ್ಟರ್‌ಗೆ ಹೋಲಿಸಿ ನೋಡಲು ಬರುತ್ತದೆ. "ಇವನಿಗೆ ಇದು ಮೊದಲೇ ಇತ್ತು" ಅಂತ ಗುತ್ತಿಗೆದಾರ ಹೇಳಿದರೆ ಅದೇ ಉತ್ತರ ಕೊಡುತ್ತದೆ. ನಮ್ಮ ಕಾಕಾನ ಹತ್ತಿರ ಇಂಥದ್ದೊಂದು ಇದ್ದಿದ್ದರೆ ಎಷ್ಟು ಅನುಕೂಲ ಆಗುತ್ತಿತ್ತು!

ಹಂತ 3: ಕೆಲಸದ ಕಾಗದ ಕೂಡಿಡಿ

ಸೈಟಿನ ಬಾಗಿಲಲ್ಲಿ ದೊಡ್ಡ ಬೋರ್ಡ್ ಇರುತ್ತದೆ. ಯೋಜನೆ ಯಾವುದು, ಮಾಡಿಸುವವರು ಯಾರು, ದೊಡ್ಡ ಗುತ್ತಿಗೆದಾರರು ಯಾರು ಅಂತ ಅದರಲ್ಲಿ ಬರೆದಿರುತ್ತಾರೆ. ಮೊದಲ ದಿನವೇ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಿ. ಒಳಗೆ ಮೊಬೈಲ್ ಬಿಡುವುದಿಲ್ಲ, ಹೊರಗೇ ಆಗಲಿ. ನಿಮ್ಮನ್ನು ಕರೆತಂದ ಮುಕಾದಮ ನಾಳೆ ಫೋನ್ ಎತ್ತದೇ ಇರಬಹುದು. ಆದರೆ ಪರಿಹಾರದ ಹೊಣೆ ಅವನ ಮೇಲಿನ ಮುಖ್ಯ ಮಾಲೀಕರ ಮೇಲೂ ಬರುತ್ತದೆ. ಆ ಮಾಲೀಕರು ಯಾರು ಅಂತ ತೋರಿಸುವುದು ಈ ಬೋರ್ಡೇ.

ಗೇಟ್ ಪಾಸ್‌ನ ಎರಡೂ ಬದಿ ಫೋಟೋ ತೆಗೆಯಿರಿ. ಪಗಾರ ಬ್ಯಾಂಕಿಗೇ ಹಾಕಿಸಿಕೊಳ್ಳಿ. ಪಿಎಫ್ ಇದ್ದರೆ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಪಿಎಫ್ ಪಾಸ್‌ಬುಕ್‌ನಲ್ಲಿ ಯಾವ ತಿಂಗಳು ಯಾವ ಕಂಪನಿ ಹಣ ಕಟ್ಟಿತು ಅಂತ ಇರುತ್ತದೆ, ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾರ್ಡ್ ಇದ್ದರೆ ಅದೂ ಇರಲಿ. ಇದ್ಯಾವುದೂ ಇಲ್ಲದವರು ಒಂದು ಹತ್ತು ರೂಪಾಯಿಯ ಡೈರಿ ತಗೊಳ್ಳಿ. ತಾರೀಖು, ಪಾಳಿ, ಮಾಡಿದ ಕೆಲಸ, ಜೊತೆಗಿದ್ದ ಇಬ್ಬರ ಹೆಸರು. ದಿನಕ್ಕೆ ಒಂದು ಸಾಲು ಸಾಕು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಕೂಡ ಮಾಡಿಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ನೋಂದಣಿಗೆ ಬರುತ್ತದೆ.

ಹಂತ 4: ಒಳಗೆ ಹೋದ ಮೇಲೆ, ಮೊದಲು ನೀರು

ಕಲ್ಲು ಕೊರೆಯುವಾಗ ಡ್ರಿಲ್ಲಿನ ರಾಡ್ ಒಳಗಿಂದ ನೀರು ಹೋಗಿ ಬಿಟ್‌ನ ತುದಿಗೆ ಬರಬೇಕು. ಮೇಲಿಂದ ಪೈಪ್ ಹಿಡಿದು ಚಿಮುಕಿಸುವುದು ಅದಕ್ಕೆ ಸಮ ಅಲ್ಲ. ಮೊದಲು ನೀರು ಬಿಡಿ, ಆಮೇಲೆ ಡ್ರಿಲ್ ಶುರು ಮಾಡಿ. ನಿಲ್ಲಿಸುವಾಗ ಮೊದಲು ಡ್ರಿಲ್, ಆಮೇಲೆ ನೀರು. ಸರಿಯಾಗಿದೆಯಾ ಅಂತ ನೋಡುವುದು ಸುಲಭ: ತೂತಿನಿಂದ ರಾಡಿ ಇಳಿಯಬೇಕು. ಹೊಗೆ ಥರ ಬಂದರೆ ಅದು ಒಣ ಡ್ರಿಲ್. ನಿಲ್ಲಿಸಿ, ಸೂಪರ್‌ವೈಸರ್‌ಗೆ ಹೇಳಿ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಎಷ್ಟೋ ಸಲ ನೀರು ಬಂದ್ ಮಾಡುವವರು ನಾವೇ. ಕಾಕಾ ಹೇಳುತ್ತಿದ್ದರು, "ಮೇಲ ಕೊರಿಯುವಾಗ ತಣ್ಣೀರು ಕುತ್ತಿಗ್ಯಾಗಿಂದ ಬೆನ್ನಿಗೆ ಇಳೀತಿತ್ತಪಾ. ಎಂಟು ತಾಸು ತೊಯ್ಕೊಂಡು ನಿಲ್ಲೂದು ಯಾರಿಂದ ಆಗ್ತೈತಿ? ಹಿಂಗಾಗಿ ಬಂದ್ ಮಾಡ್ತಿದ್ವಿ." ಮೀಟರಿಗೆ ಇಷ್ಟು ಅಂತ ಕೂಲಿ ಇದ್ದಾಗ ಅವಸರ ಬೇರೆ. ಅವರ ತಪ್ಪು ಅಂತ ನಾನು ಅನ್ನಲಾರೆ. ಆ ಸೈಟಿನಲ್ಲಿ ರೇನ್‌ಕೋಟೂ ಇರಲಿಲ್ಲ, ಬೂಟೂ ಇರಲಿಲ್ಲ. ಹಾಗಾಗಿ ನೀರಿನ ಜೊತೆಗೇ ರೇನ್‌ಕೋಟು, ಗಮ್‌ಬೂಟು, ಬದಲಿ ಬಟ್ಟೆ ಕೇಳಿ. ಅದು ಕೊಡಬೇಕಾದದ್ದು ಕೆಲಸ ಕೊಟ್ಟವರು.

ನೀರಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಜಗತ್ತಿನ ದೊಡ್ಡ ಪಾಠ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗ. 1930-31ರಲ್ಲಿ ಸಿಲಿಕಾ ತುಂಬಿದ ಕಲ್ಲನ್ನು ಒಣ ಡ್ರಿಲ್ಲಿನಿಂದ ಕೊರೆಸಿದರು. ದುಡಿದವರಲ್ಲಿ ಹೆಚ್ಚಿನವರು ಕೆಲಸ ಹುಡುಕಿ ಬಂದ ಕಪ್ಪು ಜನ. ಕನಿಷ್ಠ 764 ಮಂದಿ ಸತ್ತರು ಅಂತ ಆಮೇಲೆ ಒಬ್ಬ ವೈದ್ಯರು ಲೆಕ್ಕ ಹಾಕಿದರು. ಬಹಳ ಜನ ಒಂದೆರಡು ವರ್ಷವೂ ದುಡಿದಿರಲಿಲ್ಲ.

ಇನ್ನು ಗಾಳಿ. ದೊಡ್ಡ ಫ್ಯಾನ್‌ನಿಂದ ದೊಡ್ಡ ಕೊಳವೆಯ (ಡಕ್ಟ್) ಮೂಲಕ, ಕಲ್ಲು ಕೊರೆಯುವ ತುದಿಯ ಗೋಡೆ ಅಂದರೆ ಫೇಸ್‌ವರೆಗೆ ಗಾಳಿ ಬರಬೇಕು. ಸುರಂಗ ಮುಂದೆ ಹೋದ ಹಾಗೆ ಡಕ್ಟೂ ಮುಂದೆ ಹೋಗಬೇಕು. ಅದು ಹಿಂದೆಯೇ ಉಳಿಯುವುದು, ಹರಿದು ನಡುವೆಯೇ ಗಾಳಿ ಸೋರುವುದು, ಇವೆರಡೇ ಸಾಮಾನ್ಯ ತೊಂದರೆ. ಒಂದು ಬಟ್ಟೆಯ ಎಳೆಯನ್ನು ಕೋಲಿಗೆ ಕಟ್ಟಿ, ನೀವು ನಿಲ್ಲುವ ಜಾಗದಲ್ಲಿ ಹಿಡಿಯಿರಿ. ಎಳೆ ಅಲ್ಲಾಡದಿದ್ದರೆ ಅಲ್ಲಿಗೆ ಗಾಳಿ ಬರುತ್ತಿಲ್ಲ. ಹೆಲ್ಮೆಟ್ ದೀಪದ ಬೆಳಕಿನಲ್ಲಿ ಧೂಳು ಮಿನುಗುತ್ತಿದ್ದರೆ ಅದೂ ಎಚ್ಚರಿಕೆಯೇ. ಆದರೆ ಮಿನುಗದಿದ್ದರೆ ಗಾಳಿ ಶುದ್ಧ ಅಂತ ತಿಳಿಯಬೇಡಿ, ಅತಿ ಸಣ್ಣ ಕಣ ಆ ಬೆಳಕಿಗೂ ಕಾಣುವುದಿಲ್ಲ.

ಬ್ಲಾಸ್ಟ್ ಆದ ಕೂಡಲೇ ಒಳಗೆ ಓಡಬೇಡಿ. ಧೂಳಿನ ಜೊತೆ ವಿಷಗಾಳಿಯೂ ಇರುತ್ತದೆ. ಗ್ಯಾಸ್ ಮೀಟರ್ ಹಿಡಿದವರು ಮೊದಲು ಹೋಗಿ ನೋಡಿ ಹೇಳಲಿ. ಕಲ್ಲಿನ ರಾಶಿಯನ್ನು ಚೆನ್ನಾಗಿ ನೆನೆಸಿಯೇ ಮಕ್ಕಿಂಗ್, ಅಂದರೆ ಒಡೆದ ಕಲ್ಲು ತುಂಬಿ ಸಾಗಿಸುವುದು, ಶುರು ಮಾಡಬೇಕು, ಲೋಡರ್ ಅಗೆದ ಹಾಗೆಲ್ಲ ಒಳಗಿನ ಒಣಕಲ್ಲು ಮೇಲೆ ಬರುತ್ತದೆ, ಮತ್ತೆ ನೆನೆಸಬೇಕು. ಲೋಡರ್ ಡ್ರೈವರ್ ಕ್ಯಾಬಿನ್ ಕಿಟಕಿ ಮುಚ್ಚಿರಲಿ. ಶಾಟ್‌ಕ್ರೀಟ್ ಒಣ ಮಿಶ್ರಣದ್ದಾದರೆ ಧೂಳು ಜಾಸ್ತಿ, ನಳಿಕೆ ಹಿಡಿದವರು ಬಿಟ್ಟು ಉಳಿದವರು ದೂರ ಇರಿ. ಒಣ ಪೊರಕೆಯಲ್ಲಿ ಕಸ ಗುಡಿಸಬೇಡಿ.

ಹಂತ 5: ಮಾಸ್ಕ್

ಟವೆಲ್ ಕಟ್ಟಿಕೊಂಡರೆ ಈ ಧೂಳು ನಿಲ್ಲುವುದಿಲ್ಲ. ಒದ್ದೆ ಟವೆಲ್ ಆದರೂ ಅಷ್ಟೇ. ಆಸ್ಪತ್ರೆಯ ನೀಲಿ ಮಾಸ್ಕೂ ಸಾಲದು. ಕನಿಷ್ಠ ಎನ್95 ಅಥವಾ ಎಫ್‌ಎಫ್‌ಪಿ2 ಬೇಕು, ಮೇಲೆ ಐಎಸ್ 9473 ಅಂತ ಗುರುತು ಇದೆಯಾ ನೋಡಿ. ಫೇಸ್‌ನಲ್ಲಿ ಡ್ರಿಲ್ ಹಿಡಿಯುವವರಿಗೆ ಅದಕ್ಕಿಂತ ಮೇಲಿನದು, ಫಿಲ್ಟರ್ ಬದಲಿಸುವ ರಬ್ಬರ್ ಮಾಸ್ಕ್, ಆಗಬೇಕು.

ಹಾಕಿಕೊಳ್ಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಎರಡು ಪಟ್ಟಿ ಇದ್ದರೆ ಎರಡೂ ಬೇಕು: ಒಂದು ನೆತ್ತಿಯ ಹಿಂದೆ, ಒಂದು ಕಿವಿಯ ಕೆಳಗೆ ಕುತ್ತಿಗೆಗೆ. ಕೆಳಗಿನ ಪಟ್ಟಿಯನ್ನು ಸುಮ್ನೆ ಜೋತುಬಿಟ್ಟವರನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಬೆರಳಿಂದ ಒತ್ತಿ. ಎರಡೂ ಅಂಗೈ ಮಾಸ್ಕ್ ಮೇಲಿಟ್ಟು ಜೋರಾಗಿ ಉಸಿರು ಬಿಡಿ. ಅಂಚಿನಿಂದ ಕೆನ್ನೆಗೋ ಕಣ್ಣಿಗೋ ಗಾಳಿ ತಾಗಿದರೆ ಇನ್ನೊಮ್ಮೆ ಸರಿಮಾಡಿ. ಗಡ್ಡ ಇದ್ದರೆ ಯಾವ ಮಾಸ್ಕೂ ಕೂರುವುದಿಲ್ಲ. ಬೆವರಿಗೆ ಒದ್ದೆಯಾಗಿ ಉಸಿರು ಬಿಗಿಯಾದರೆ ಹೊಸದು ಕೇಳಿ. ವಾರಕ್ಕೊಂದು ಕೊಡುತ್ತೇವೆ ಅನ್ನುವ ಲೆಕ್ಕ ಸುರಂಗಕ್ಕೆ ನಡೆಯುವುದಿಲ್ಲ. ಹಾಗೇ, ನೀರು ಮತ್ತು ಗಾಳಿ ಇಲ್ಲದೆ ಬರೀ ಮಾಸ್ಕ್ ಕೊಟ್ಟು ಕಳಿಸಿದರೆ ಒಪ್ಪಬೇಡಿ.

ಪಾಳಿ ಮುಗಿದ ಮೇಲೆ ಕಂಪ್ರೆಸರ್ ಗಾಳಿಯಿಂದ ಬಟ್ಟೆ ಊದಿಕೊಳ್ಳುವುದು ಬಿಟ್ಟುಬಿಡಿ, ಅದು ಧೂಳನ್ನು ಮತ್ತೆ ಮೂಗಿಗೇ ತರುತ್ತದೆ. ಬಟ್ಟೆ ಝಾಡಿಸಬೇಡಿ, ನೀರಲ್ಲಿ ನೆನೆಸಿ ಒಗೆಯಿರಿ. ಮನೆಗೆ ಅದೇ ಬಟ್ಟೆಯಲ್ಲಿ ಹೋಗಬೇಡಿ.

ಹಂತ 6: ವರ್ಷಕ್ಕೊಮ್ಮೆ ಪರೀಕ್ಷೆ, ನಡುವೆ ಮೈಯ ಮಾತು ಕೇಳಿ

ಊರ ಜಾತ್ರೆಗೋ ದೀಪಾವಳಿಗೋ ಬಂದಾಗ, ಪ್ರತಿ ವರ್ಷ ಅದೇ ಸಮಯಕ್ಕೆ ಎಕ್ಸ್-ರೇ ಮತ್ತು ಸ್ಪೈರೋಮೆಟ್ರಿ ಮಾಡಿಸಿ. ಹಳೆಯ ಫಿಲ್ಮ್ ಜೊತೆಗೇ ಒಯ್ಯಿರಿ. ಕೆಲಸ ಬಿಟ್ಟವರೂ ಮಾಡಿಸಬೇಕು.

ಈ ಕಾಯಿಲೆ ವರ್ಷಗಟ್ಟಲೆ ಏನೂ ಹೇಳುವುದಿಲ್ಲ. ಮೊದಲು ಒಣ ಕೆಮ್ಮು, ಆಮೇಲೆ ಏರು ಹತ್ತುವಾಗ ದಮ್ಮು. ಅದನ್ನು ನಾವು ವಯಸ್ಸು, ಬೀಡಿ, ದಣಿವು ಅಂತ ತಳ್ಳಿಬಿಡುತ್ತೇವೆ. ನಿಮ್ಮೂರಲ್ಲಿ ಒಂದು ದಾರಿ ಗೊತ್ತುಮಾಡಿಕೊಳ್ಳಿ. ಹೋದ ವರ್ಷ ನಿಲ್ಲದೆ ನಡೆದ ದಾರಿಯಲ್ಲಿ ಈ ವರ್ಷ ನಿಲ್ಲಬೇಕಾಯಿತು ಅಂದರೆ ಮುಂದಿನ ವಾರದ ತನಕ ಕಾಯಬೇಡಿ.

ಡಾಕ್ಟರ್ ಮುಂದೆ ಕೂತ ತಕ್ಷಣ ಕೆಮ್ಮಿನ ಮಾತಿಗಿಂತ ಮೊದಲು ಇದನ್ನು ಹೇಳಿ: "ಸರ್, ನಾನು ಇಷ್ಟು ವರ್ಷ ಸುರಂಗದಾಗ ಕಲ್ಲು ಕೊರೆದೀನ್ರಿ." ಸಿಲಿಕೋಸಿಸ್ ಮತ್ತು ಟಿಬಿ ಎಕ್ಸ್-ರೇಯಲ್ಲಿ ಒಂದೇ ಥರ ಕಾಣಬಹುದು. ಕೆಲಸ ಯಾವುದು ಅಂತ ಗೊತ್ತಾಗದಿದ್ದರೆ ಟಿಬಿ ಅಂತಲೇ ಬರೆಯುತ್ತಾರೆ. ಕಾಕಾಗೆ ಕಫದಲ್ಲಿ ಎರಡೂ ಸಲ ಟಿಬಿ ಸಿಕ್ಕಿರಲಿಲ್ಲ. ಆದರೂ ಕೋರ್ಸ್ ಮುಗಿಸಿದ್ದರು, ದಮ್ಮು ಹೋಗಿರಲಿಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಅಂತ ಮೂರನೇ ಸಲ ನೋಡಿದ ಒಬ್ಬ ಡಾಕ್ಟರಮ್ಮ ಕೇಳಿದ ಮೇಲೆಯೇ ನಿಜ ಹೊರಬಂತು.

ಹಾಗಂತ ಟಿಬಿಯನ್ನು ಮರೆಯಲೂಬಾರದು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಬಹಳ ಜಾಸ್ತಿ, ಎರಡೂ ಒಟ್ಟಿಗೇ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಉಚಿತ, ಔಷಧವೂ ಉಚಿತ. ಟಿಬಿ ಇದ್ದವರಿಗೆ ನಿಕ್ಷಯ್ ಪೋಷಣೆ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಟಿಬಿ ಸಹಾಯವಾಣಿ 1800-11-6666.

ಹಂತ 7: ಸಿಲಿಕೋಸಿಸ್ ಅಂತ ಗೊತ್ತಾದರೆ

ಧೂಳಿನ ಕೆಲಸ ಅಂದೇ ಬಿಡಬೇಕು. ಇದನ್ನು ಬರೆಯುವುದು ಸುಲಭ, ಮನೆ ನಡೆಸುವವರಿಗೆ ಮಾಡುವುದು ಕಷ್ಟ, ನನಗೆ ಗೊತ್ತು. ಆದರೂ ಇದೇ ಮೊದಲ ಔಷಧ. ಬೀಡಿ, ಸಿಗರೇಟು ಕೂಡ ಬಿಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆ, ಟಿಬಿ ತಡೆಯುವ ಔಷಧದ ಬಗ್ಗೆ ಡಾಕ್ಟರನ್ನು ಕೇಳಿ. ಉಸಿರಿನ ವ್ಯಾಯಾಮ, ಇನ್‌ಹೇಲರ್, ಮುಂದೆ ಬೇಕಾದರೆ ಆಕ್ಸಿಜನ್, ಇವು ಬದುಕನ್ನು ಸ್ವಲ್ಪ ಹಗುರ ಮಾಡುತ್ತವೆ. ಗಟ್ಟಿಯಾದ ಗಂಟನ್ನು ಕರಗಿಸುವ ಔಷಧ ಇಲ್ಲ. ಕರಗಿಸುತ್ತೇನೆ ಅಂತ ಪುಡಿ ಮಾರುವವರಿಗೆ ದುಡ್ಡು ಕೊಡಬೇಡಿ. ಕೇಳದೆ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳಬೇಡಿ, ಒಳಗೆ ಅಡಗಿದ ಟಿಬಿ ಎದ್ದೇಳಬಹುದು.

ಹಂತ 8: ಪರಿಹಾರ ಕೇಳುವುದು

ಸಿಲಿಕೋಸಿಸ್ ಕಾಯ್ದೆಯ ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಹಕ್ಕುಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇಎಸ್ಐ ಇದ್ದವರು ಇಎಸ್ಐ ಮೂಲಕ ಹೋಗಬೇಕು, ಇಲ್ಲದವರು ಪರಿಹಾರ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬೇಕು.

ಊರೂರು ಸುತ್ತಿ ದುಡಿದವರಿಗೆ ಎರಡು ಅನುಕೂಲ ಇವೆ, ಬಹಳ ಜನಕ್ಕೆ ಗೊತ್ತಿಲ್ಲ. ಒಂದು, ಹಲವು ಮಾಲೀಕರ ಕೈಕೆಳಗೆ ದುಡಿದಿದ್ದರೆ ಯಾರಿಂದ ಕಾಯಿಲೆ ಬಂತು ಅಂತ ನೀವು ಬೊಟ್ಟು ಮಾಡಿ ತೋರಿಸಬೇಕಿಲ್ಲ, ಎಲ್ಲರೂ ಪಾಲು ಕೊಡಬೇಕು ಅಂತ ಆದೇಶ ಮಾಡಲು ಬರುತ್ತದೆ. ಎರಡು, ಕೆಲಸ ಮಾಡಿದ ರಾಜ್ಯಕ್ಕೆ ಹೋಗಬೇಕಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಪೂರ್ತಿ ಕೆಲಸಕ್ಕೆ ಬಾರದಂತಾದರೆ ತಿಂಗಳ ಕೂಲಿಯ ಶೇ 60ನ್ನು, ಸಾವು ಆದರೆ ಶೇ 50ನ್ನು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಗಡುವು ಇದೆ, ಕಾಯಿಲೆಯ ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಹೊರಡಿ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಫೋನ್ 15100.

ಸರ್ಟಿಫಿಕೇಟ್‌ನಲ್ಲಿ ಸಿಲಿಕೋಸಿಸ್ ಅಂತ ಸ್ಪಷ್ಟವಾಗಿ ಬರೆದಿರಬೇಕು. ಎಕ್ಸ್-ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್ಒ) ವರ್ಗೀಕರಣದ ಪ್ರಕಾರ ಓದಿಸಿ ಅಂತ ಕೇಳಿ. ಅನುಮಾನ ಉಳಿದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಭಿಪ್ರಾಯ ಪಡೆಯಬಹುದು, ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ. ಸಾಕ್ಷಿ ಗಟ್ಟಿ ಇದ್ದರೆ ಬಡವರಿಗೂ ಪರಿಹಾರ ಸಿಕ್ಕಿದೆ. ಗುಜರಾತಿನ ಗೋಧ್ರಾ ಕಡೆಯ ಕಲ್ಲುಪುಡಿ ಕಾರ್ಖಾನೆಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಆದಿವಾಸಿ ಕಾರ್ಮಿಕರ ಮನೆಯವರಿಗೆ ತಲಾ 3 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ರಾಜಸ್ಥಾನ 2019ರಲ್ಲಿ ಇದಕ್ಕೇ ಒಂದು ನೀತಿ ಮಾಡಿ, ಕಾಯಿಲೆ ದೃಢಪಟ್ಟಾಗ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ ಕೊಡುತ್ತಿದೆ. ಇಂಥದ್ದು ನಮ್ಮಲ್ಲೂ ಆಗಬೇಕು.

ಒಂದು ಕಷ್ಟದ ಮಾತು ಮನೆಯವರಿಗೆ. ಸಾವು ಆದಾಗ ಮರಣದ ಕಾರಣದ ಕಾಗದದಲ್ಲಿ ಬರೀ "ಹೃದಯಾಘಾತ" ಅಂತ ಬರೆಯಲು ಬಿಡಬೇಡಿ. ಸಿಲಿಕೋಸಿಸ್ ಇತ್ತು ಅಂತ ದಾಖಲಾಗಲಿ ಅಂತ ಹಳೆಯ ರಿಪೋರ್ಟ್ ತೋರಿಸಿ ಕೇಳಿ. ಕಾಯಿಲೆ ಯಾವುದು ಅನ್ನೋದು ಮೊದಲೇ ದೃಢವಾಗಿಲ್ಲದಿದ್ದರೆ ಮರಣೋತ್ತರ ಪರೀಕ್ಷೆ ಒಂದೇ ದಾರಿ. ನಮ್ಮ ಕಾಕಿ ಆ ದಿನ ಮಣ್ಣು ಮಾಡುವ ಅವಸರದಲ್ಲಿ ಯಾವ ಕಾಗದವನ್ನೂ ಓದಿ ನೋಡಲಿಲ್ಲ. ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಈಗ ಕಾಕಾನ ಮಗ ಸುರಂಗಕ್ಕೆ ಹೋಗುತ್ತಾನೆ. ಅವನ ಎಕ್ಸ್-ರೇ ಫಿಲ್ಮ್‌ಗಳು ಕಾಕಿಯ ಇಳಕಲ್ ಸೀರೆಗಳ ಕೆಳಗೆ, ಟ್ರಂಕಿನ ತಳದಲ್ಲಿ ಚಪ್ಪಟೆಯಾಗಿ ಮಲಗಿವೆ. ಒಂದೊಂದರ ಲಕೋಟೆಯ ಮೇಲೂ ವರ್ಷ ಬರೆದಿದೆ. ಮಡಚಿದರೆ ಗೆರೆ ಬೀಳುತ್ತದೆ ಅಂತ ಕಾಕಿ ಯಾರಿಗೂ ಮುಟ್ಟಲು ಬಿಡುವುದಿಲ್ಲ.